ಕೆರೆ ಏರಿ ಒಡೆದವನಿಗೆ ದಂಡ ಎಷ್ಟು? ಹಮ್ಮುರಾಬಿ, ಕೌಟಿಲ್ಯ, ಮನು

ಕೋಡಿ_ಹರಿದ_ಕೆರೆ:
ಕೋಲಾರದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ‘ಪ್ರಾಚೀನ ಕಾನೂನುಗಳಲ್ಲಿ ನ್ಯಾಯವಿತ್ತೇ?’ ಅನ್ನೋ ವಿಷಯ ಕೊಟ್ಟಿದ್ದಾರೆ. ‘ಕಣ್ಣಿಗೆ ಕಣ್ಣು’ ಅಂದ ಮೇಲೆ ಹುಡುಗರ ಮಾತೇ ಮುಗಿದುಹೋಗುತ್ತೆ. ಏರಿ, ತೂಬು, ನೀರಗಂಟಿ ಎಲ್ಲ ಗೊತ್ತಿರೋ ಸೀಮೆಯ ಮಕ್ಕಳು, ನೀರಿನ ಕಾನೂನಿಂದಲೇ ಶುರು ಮಾಡಿಸೋಣ ಅಂತಿದ್ದೀನಿ. ನೀರಿನ ತಪ್ಪಿಗೆ ಆಗ ದಂಡ ಏನಿತ್ತು? ದೊಡ್ಡವರಿಗೂ ಸಣ್ಣವರಿಗೂ ಒಂದೇನಾ?

ಕಲ್ಬರಹ:
ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ (ಕ್ರಿ.ಪೂ. ಸುಮಾರು 1750) 53ರಿಂದ 56ನೇ ಕಲಮು ಓದಿಸಿ. ತನ್ನ ಪಾಲಿನ ಏರಿ ಭದ್ರ ಮಾಡದೆ ಬಿಟ್ಟು, ಅದು ಒಡೆದು ಬೇರೆಯವರ ಪೈರು ಕೊಚ್ಚಿಹೋದರೆ ಹಾಳಾದಷ್ಟೂ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಕಾಲುವೆ ಬಾಯಿ ತೆಗೆದು ಅಜಾಗರೂಕನಾಗಿ ಪಕ್ಕದ ಹೊಲ ಮುಳುಗಿಸಿದರೆ, ಅಕ್ಕಪಕ್ಕದ ಇಳುವರಿ ನೋಡಿ ಅಳೆದು ಕೊಡಬೇಕು. ಉತ್ತು ಹದ ಮಾಡಿದ ಕೆಲಸವಷ್ಟೇ ಹಾಳಾಗಿದ್ದರೆ 18 ಇಕುಗೆ 10 ಗುರ್, ಅಂದರೆ ಸುಮಾರು 16 ಎಕರೆಗೆ 3,000 ಲೀಟರ್ ಧಾನ್ಯ. ಇಲ್ಲೆಲ್ಲ ಮೇಲು ಕೀಳು ಇಲ್ಲ, ನಷ್ಟಕ್ಕೆ ತಕ್ಕ ಪರಿಹಾರ.

ಆದರೆ 54ನೇ ಕಲಮು ಬಿಡಬೇಡಿ. ಏರಿ ಒಡೆಯಲು ಬಿಟ್ಟವನ ಹತ್ತಿರ ಧಾನ್ಯ ಇಲ್ಲದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ, ಬೆಳೆ ಕಳೆದುಕೊಂಡವರು ಹಣ ಹಂಚಿಕೊಳ್ಳಬೇಕು. ಕಣಜ ಇದ್ದವನು ಅಳೆದು ಕೊಟ್ಟು ಮನೆಗೆ ಹೋಗ್ತಾನೆ, ಇಲ್ಲದವನು ಮಾರಾಟವಾಗ್ತಾನೆ. ಇನ್ನೊಂದು ತಕ್ಕಡಿಯಲ್ಲಿ 48ನೇದು ಇಡಿ: ಪ್ರವಾಹವೋ ಬರವೋ ಬೆಳೆ ತೆಗೆದರೆ ಸಾಲಗಾರ ಆ ವರ್ಷ ಧಾನ್ಯವನ್ನೂ ಬಡ್ಡಿಯನ್ನೂ ಕೊಡಬೇಕಾಗಿಲ್ಲ.

ಲೆಕ್ಕಾಚಾರಿ:
ಹಮ್ಮುರಾಬಿಯಲ್ಲಿ ತಾರತಮ್ಯ ಎದ್ದು ಕಾಣೋದು ಮೈಗೆ ಪೆಟ್ಟಾದಾಗ. ಉಳ್ಳವನ ಕಣ್ಣು ತೆಗೆದರೆ ಕಣ್ಣು (ಕಲಮು 196). ಸಾಮಾನ್ಯನ ಕಣ್ಣಿಗೆ 1 ಮಿನಾ ಬೆಳ್ಳಿ (198). ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ (199), ಅದೂ ಯಜಮಾನನ ನಷ್ಟ ಅನ್ನೋ ಲೆಕ್ಕ.

ಬೆಳ್ಳಿಯನ್ನು ಈಗಿನ ರೂಪಾಯಿಗೆ ತಿರುಗಿಸಬೇಡಿ, ಸುಳ್ಳು ಉತ್ತರ ಬರುತ್ತೆ. ಕೂಲಿಗೆ ಹೋಲಿಸಿ. 1 ಮಿನಾ 60 ಶೆಕೆಲ್, 1 ಶೆಕೆಲ್ 180 ಕಾಳು; ಇವೆಲ್ಲ ಬೆಳ್ಳಿ ತೂಗೋ ಅಳತೆ. ಶಾಸನವೇ (273) ಹೇಳೋ ದಿನಗೂಲಿ ವರ್ಷದ ಮೊದಲ ಐದು ತಿಂಗಳು 6 ಕಾಳು, ಆಮೇಲೆ 5. ಹಾಗಾದರೆ 1 ಮಿನಾ ಅಂದರೆ 10,800 ಕಾಳು, 1,800ರಿಂದ 2,160 ದಿನದ ಕೂಲಿ. ಗೂಳಿ ತಿವಿದು ಗುಲಾಮ ಸತ್ತರೆ ಕೊಡಬೇಕಾದ್ದು 20 ಶೆಕೆಲ್ (252). ಅದನ್ನೇ ಬೆಲೆ ಅಂದುಕೊಂಡರೆ ಅವನ ಕಣ್ಣಿಗೆ 10 ಶೆಕೆಲ್, 300ರಿಂದ 360 ದಿನದ ಕೂಲಿ. ಅದೇ ಕಣ್ಣು, ಆರು ಪಟ್ಟು ವ್ಯತ್ಯಾಸ.

ತೂಬಿನಬಾಗಿಲು:
ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಬಲ್ಲದ ಬೇರೆ ಕಡೆಯಿಂದ ಕೆರೆ ನೀರು ಹರಿಸಿದವನಿಗೆ 6 ಪಣ (ಆಗಿನ ನಾಣ್ಯ) ದಂಡ. ತುಂಬಿದ ಕೆರೆಯ ಕಟ್ಟೆ ಒಡೆದವನನ್ನು ಅಲ್ಲೇ ನೀರಲ್ಲಿ ಮುಳುಗಿಸಿ ಕೊಲ್ಲಬೇಕು. ನೀರಿಲ್ಲದ ಕೆರೆಯಾದರೆ ಅತಿ ದೊಡ್ಡ ದಂಡ, ಪಾಳುಬಿದ್ದದ್ದಾದರೆ ಮಧ್ಯಮ ದಂಡ. ಕ್ರೂರವೇನೋ ಹೌದು, ಆದರೆ ದಂಡ ಏರಿಳಿಯೋದು ಅಪಾಯ ನೋಡಿ, ಜಾತಿ ನೋಡಿ ಅಲ್ಲ.

ಮನುಸ್ಮೃತಿಯ 8ನೇ ಅಧ್ಯಾಯಕ್ಕೆ ಬಂದರೆ ಬೈಗುಳಕ್ಕೂ ವರ್ಣ. ಬ್ರಾಹ್ಮಣನನ್ನು ಬೈದ ಕ್ಷತ್ರಿಯನಿಗೆ 100 ಪಣ, ವೈಶ್ಯನಿಗೆ 150 ಅಥವಾ 200, ಶೂದ್ರನಿಗೆ ದೇಹದಂಡನೆ. ಬ್ರಾಹ್ಮಣ ಬೈದರೆ ಕ್ರಮವಾಗಿ 50, 25, 12. ಕಳ್ಳತನದಲ್ಲಿ ಮಾತ್ರ ಉಲ್ಟಾ: ತಿಳಿದು ಕದ್ದ ಶೂದ್ರನ ಪಾಪ 8 ಪಟ್ಟು, ವೈಶ್ಯನದು 16, ಕ್ಷತ್ರಿಯನದು 32, ಬ್ರಾಹ್ಮಣನದು 64. ಎದುರು ಪಕ್ಷದವರು ಈ ಒಂದು ಶ್ಲೋಕ ಹಿಡಿದುಕೊಂಡು ಬರ್ತಾರೆ. ‘ಅದೇ ಅಧ್ಯಾಯದ ಬೈಗುಳದ ಪಟ್ಟಿ ಓದಿ’ ಅಂತ ಕೇಳಲು ಹುಡುಗರನ್ನು ತಯಾರು ಮಾಡಿ.

ಕಲ್ಬರಹ:
ಇನ್ನೆರಡು ಮಾತು. ‘ಹಳೇ ಕಾಲ, ಅದಕ್ಕೇ ಕ್ರೂರ’ ಅನ್ನೋ ವಾದ ನಿಲ್ಲಲ್ಲ. ಹಮ್ಮುರಾಬಿಗಿಂತ ಮುನ್ನೂರು ವರ್ಷ ಹಳೆಯ, ಉರ್ ನಗರದ ಉರ್-ನಮ್ಮು ಸಂಹಿತೆಯಲ್ಲಿ ಕಣ್ಣಿಗೆ ಅರ್ಧ ಮಿನಾ ಬೆಳ್ಳಿ ಕೊಟ್ಟರೆ ಮುಗೀತು. ಜೊತೆಗೆ, ಬ್ಯಾಬಿಲೋನಿನ ತೀರ್ಪು, ಕರಾರುಗಳ ಮಣ್ಣಿನ ಹಲಗೆ ಸಾವಿರಾರು ಸಿಕ್ಕಿವೆ. ಹಮ್ಮುರಾಬಿಯ ಇಂಥ ಕಲಮಿನ ಪ್ರಕಾರ ಅಂತ ಹೇಳಿ ಕೊಟ್ಟ ತೀರ್ಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದ್ದರಿಂದ ‘ಹೀಗೆ ಶಿಕ್ಷೆ ಕೊಡ್ತಿದ್ರು’ ಅನ್ನದೆ ‘ಹೀಗೆ ಬರೆಸಿದ್ದ’ ಅಂತಲೇ ಹೇಳಿಸಿ. ತೀರ್ಪುಗಾರರು ಅಲ್ಲೇ ಹಿಡೀತಾರೆ.