ಗುಡ್ಡದ ನೆತ್ತಿಯ ಕಲ್ಲುಗುಪ್ಪೆ: ಗೋರಿಯೋ, ಬರೀ ರಾಶಿಯೋ?

ಗುಡ್ಡದಾರಿ:
ಬಯಲುಸೀಮೆಯ ಗ್ರಾನೈಟ್ ಗುಡ್ಡವೊಂದರ ನೆತ್ತಿಯಲ್ಲಿ ಕಲ್ಲಿನ ಗುಪ್ಪೆ ಇದೆ. ಅಡ್ಡಳತೆ ಸುಮಾರು 8 ಮೀಟರ್, ಎತ್ತರ ಮೊಣಕಾಲುದ್ದ. ಸುತ್ತ ದೊಡ್ಡ ಗುಂಡುಗಳು, ನಡುವೆ ತಗ್ಗು. ಊರವರು ‘ಮೋರೇರ ಮನೆ’ ಅಂತಾರೆ. ಶಿಲಾಯುಗದ ಗೋರಿಯೇ? ಅಗೆಯದೆ ತಿಳಿಯುವುದು ಹೇಗೆ? ಏನೇನು ಬರೆದಿಡಬೇಕು?

ಬೆಣಚುಕಲ್ಲು:
ಗೋರಿಯೇ ಆಗಿದ್ದರೆ ಹೆಚ್ಚಾಗಿ ಕಬ್ಬಿಣ ಯುಗದ್ದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಮನೆಗಳೂ ಅದೇ ಕಾಲದವು.

ಮೊದಲು ಸುತ್ತಿನ ಗುಂಡುಗಳನ್ನು ನೋಡಿ. ಹೊಲ ಹಸನು ಮಾಡಿ ಎಸೆದ ರಾಶಿಗೆ ಅಂಚೆಂಬುದೇ ಇರುವುದಿಲ್ಲ, ಸಣ್ಣದು ದೊಡ್ಡದು ಬೆರೆತು ಇಳಿಜಾರಿಗೆ ಹರಡಿರುತ್ತದೆ. ಗೋರಿಯ ಗುಂಡುಗಳು ಬಳೆಯಂತೆ ಸುತ್ತುಗಟ್ಟಿ, ಬುಡ ಮಣ್ಣಲ್ಲಿ ಕೂತಿರುತ್ತವೆ. ಇನ್ನೊಂದು ಮೋಸ, ತಾನಾಗಿ ಸೀಳಿದ ಬಂಡೆ: ಅಕ್ಕಪಕ್ಕದ ಕಲ್ಲುಗಳ ಸೀಳುಮುಖ ಒಂದಕ್ಕೊಂದು ಹೊಂದಿದರೆ ಅದು ಮನುಷ್ಯರ ಕೆಲಸವಲ್ಲ.

ತಗ್ಗಿನಲ್ಲಿ ಚಪ್ಪಡಿಗಳ ಮೇಲಂಚು ಇಣುಕುತ್ತಿದೆಯಾ? ನಾಲ್ಕು ಚಪ್ಪಡಿ ನಿಲ್ಲಿಸಿದ ಕೋಣೆಯಾದರೆ, ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಚಾಚಿರುತ್ತದೆ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು-ಕಲ್ಲಿನ ಒತ್ತಡಕ್ಕೆ ಗೋಡೆ ಒಳಗೆ ಮಗುಚದಿರುವುದು ಈ ಜೋಡಣೆಯಿಂದಲೇ. 1947ರಲ್ಲಿ ಪುರಾತತ್ವಜ್ಞ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಕೋಣೆಗಳು ಹೀಗೇ ಇದ್ದವು, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಎಲ್ಲ ಕಡೆಯೂ ಕಂಡಿ ಪೂರ್ವಕ್ಕೇ ಇರಬೇಕೆಂದಿಲ್ಲ.

ಮಣ್ಣೋಡು:
ತಗ್ಗು ಎರಡು ಕಾರಣಕ್ಕೆ ಆಗುತ್ತದೆ. ಮುಚ್ಚುಗಲ್ಲು ಮುರಿದು ಕುಸಿದಿದ್ದರೆ ತುಂಡುಗಳು ಒಳಕ್ಕೆ ವಾಲಿರುತ್ತವೆ. ನಿಧಿಗಳ್ಳರ ಕೆಲಸವಾದರೆ ತೆಗೆದ ಮಣ್ಣು-ಕಲ್ಲು ಒಂದೇ ಮಗ್ಗುಲಿಗೆ ಬಿದ್ದಿರುತ್ತದೆ. ಪಾಪ, ಅವರಿಗೆ ಸಿಗುವುದು ಬಹುತೇಕ ಮಡಕೆ, ತುಕ್ಕು ಹಿಡಿದ ಕಬ್ಬಿಣ.

ಮೂಳೆ ಕಾಣದಿದ್ದರೆ ಗೋರಿಯಲ್ಲ ಎನ್ನಬೇಡಿ. ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ. ಶವ ಬೇರೆಡೆ ಕೊಳೆತ ಮೇಲೆ ಆಯ್ದ ಕೆಲವೇ ಮೂಳೆ ತಂದಿಡುವ ಪದ್ಧತಿಯೂ ಇತ್ತು. ಮಡಕೆ ಓಡಿನ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ದರೆ ಗಟ್ಟಿ ಸುಳಿವು. ಫೋಟೊ ಸಾಕು, ಎತ್ತಬೇಡಿ. ಜಾಗ ಬದಲಾದ ಓಡು ಗೋರಿಯ ಬಗ್ಗೆ ಅಷ್ಟಾಗಿ ಏನೂ ಹೇಳುವುದಿಲ್ಲ.

ಅಳತೆಪಟ್ಟಿ:
ದಾಖಲೆಗೆ: ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎರಡೂ ಅಡ್ಡಳತೆ, ಅಂಚುಗಲ್ಲುಗಳ ಎಣಿಕೆ, ನಡುವಿನ ಎತ್ತರ, ಚಪ್ಪಡಿಯ ದಪ್ಪ, ಕಂಡಿ ಯಾವ ದಿಕ್ಕಿಗೆ, ಜಿಪಿಎಸ್ ಬಿಂದು. ಫೋಟೊದಲ್ಲಿ ಅಳತೆಕೋಲು ಇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ, ನಡುಮಧ್ಯಾಹ್ನ ಗುಪ್ಪೆಯ ಉಬ್ಬೇ ಕಾಣದು. ಪೊದೆಯನ್ನು ಬೇರುಸಹಿತ ಕೀಳಬೇಡಿ, ಚಪ್ಪಡಿಯ ಸಂದಿಗೆ ಇಳಿದ ಬೇರು ಕಲ್ಲನ್ನೇ ಎಬ್ಬಿಸುತ್ತದೆ. ಬೇಕಿದ್ದರೆ ಬುಡಕ್ಕೆ ಕತ್ತರಿಸಿ. ಸುತ್ತಲ ಬಂಡೆಯಲ್ಲಿ ಚಪ್ಪಡಿ ಎಬ್ಬಿಸಿದ ಗುರುತು ಹುಡುಕಿ, ಒಂದು ಗುಪ್ಪೆ ಇದ್ದಲ್ಲಿ ಇನ್ನಷ್ಟು ಇರುವುದು ಸಾಮಾನ್ಯ.

ಇಷ್ಟನ್ನೂ ರಾಜ್ಯದ ಪುರಾತತ್ವ ಇಲಾಖೆಗೆ ಕಳಿಸಿ. ನಿಖರ ಜಾಗವನ್ನು ಮಾತ್ರ ಇಲ್ಲಿ ಹಾಕಬೇಡಿ, ಹಾರೆ ಹಿಡಿದವರೂ ಓದುತ್ತಾರೆ.