ಗ್ರೇಸ್ ಅನಾಟಮಿಲಿ ಡೆರೆಕ್ ಸತ್ತಾಗ ಬಾರದ ಅಳು ಕ್ರಿಸ್ಟೀನಾ ಹೊರಟಾಗ ಬಂತು. ನಿಮಗೂ ಹೀಗೇನಾ?

ಎರಡನೇ_ಸುತ್ತು:
ಅಮೆರಿಕದ ಆಸ್ಪತ್ರೆ ಸೀರಿಯಲ್ ಗ್ರೇಸ್ ಅನಾಟಮಿ ಮೊದಲಿಂದ ಎರಡನೇ ಸಲ ನೋಡ್ತಾ ಇದ್ದೀನಿ, 11ನೇ ಸೀಸನ್ ನಿನ್ನೆ ಮುಗೀತು. ಇನ್ನೂ ನೋಡದೇ ಇರೋರು ಇಲ್ಲಿಂದಲೇ ವಾಪಸ್ ಹೋಗಿ, ಕಥೆಯೆಲ್ಲ ಬಯಲಾಗುತ್ತೆ.

ಮೊದಲ ಸಲ ನಾನು ಅಪ್ಪಟ ಡೆರೆಕ್ ಪಾರ್ಟಿ. ಲಿಫ್ಟಿನ ಗೋಡೆ ತುಂಬ ಸ್ಕ್ಯಾನ್‌ಗಳನ್ನ ಅಂಟಿಸಿ ನಾಯಕಿ ಮೆರೆಡಿತ್ ಹತ್ರ ಮದುವೆ ಮಾತೆತ್ತುತ್ತಾನಲ್ಲ, ಆ ಸೀನ್ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಈ ಸಲ ಅದೇ ಮನುಷ್ಯ ಮಾತು ಶುರುಮಾಡಿದ್ರೆ ಮೈ ಉರಿಯುತ್ತೆ. ಹೆಂಡತಿ ಇದ್ದಾಳೆ ಅನ್ನೋದನ್ನೇ ಮುಚ್ಚಿಟ್ಟವನು. ಮಕ್ಕಳನ್ನ ಮೆರೆಡಿತ್ ಮೇಲೆ ಬಿಟ್ಟು ವಾಷಿಂಗ್ಟನ್‌ಗೆ ಹೋದವನು. ಕೊನೆಗೆ ರಸ್ತೆ ಮಧ್ಯೆ ಕಾರು ನಿಂತಿರುವಾಗ ಫೋನ್‌ಗೆ ಕೈ ಚಾಚಿದ, ಲಾರಿ ಬಂದು ಗುದ್ದಿತು! ಹನ್ನೊಂದು ಸೀಸನ್ ಸಾಕಿದ ಪಾತ್ರಕ್ಕೆ ಇದೊಂದು ಸಾವೇ? ಬರೆದವರಿಗೆ ಅವಸರ ಇತ್ತು ಅಂತ ಎದ್ದು ಕಾಣುತ್ತೆ.

ಮೆರೆಡಿತ್ ಗೆಳತಿ, ಹೃದಯದ ಸರ್ಜನ್ ಕ್ರಿಸ್ಟೀನಾದು ಹಾಗಲ್ಲ. 10ನೇ ಸೀಸನ್ ಪೂರ್ತಿ ಅವಳನ್ನ ಒಂದೊಂದೇ ಹೆಜ್ಜೆ ಬಾಗಿಲ ಕಡೆ ನಡೆಸಿದ್ದಾರೆ. ಸರ್ಜನ್‌ಗಳಿಗೆ ಕೊಡೋ ಹಾರ್ಪರ್ ಏವರಿ ಪ್ರಶಸ್ತಿ ಕೈತಪ್ಪುತ್ತೆ, ಅದೂ ಕೆಲಸದಲ್ಲಿ ಕೊರತೆ ಇದ್ದದ್ದಕ್ಕಲ್ಲ. ಅವಳ ಆಸ್ಪತ್ರೆ ಆ ಪ್ರಶಸ್ತಿ ಕೊಡೋ ಫೌಂಡೇಶನ್ನಿನ ಕೈಯಲ್ಲೇ ಇತ್ತು ಅನ್ನೋ ಕಾರಣಕ್ಕೆ. ಇಲ್ಲಿದ್ರೆ ತನಗೆ ಯಾವತ್ತೂ ಸಿಗಲ್ಲ ಅಂತ ಗೊತ್ತಾಗುತ್ತೆ. ಮಾಜಿ ಗಂಡ ಓವನ್‌ಗೆ ಮಕ್ಕಳು ಬೇಕು, ಅವಳಿಗೆ ಬೇಡ, ಅದೂ ಬಗೆಹರಿಯೋದಲ್ಲ. ಹಾಗಾಗಿ ಜ್ಯೂರಿಕ್‌ಗೆ ಹೊರಟಾಗ ಬೇರೆ ದಾರಿಯೇ ಇರಲಿಲ್ಲ ಅನ್ಸುತ್ತೆ. ಹೋಗೋ ಮುಂಚೆ ಇಬ್ಬರು ಗೆಳತಿಯರು ಕುಣಿಯುತ್ತಾರೆ. ನಾನು ಅಲ್ಲೇ ಟಿವಿ ಪಾಜ್ ಮಾಡಿ ಕೂತುಬಿಟ್ಟೆ.

ಸಾಯಿಸೋದಕ್ಕಿಂತ ಬದುಕಿಸಿ ಕಳಿಸೋದೇ ಒಳ್ಳೆ ಬರವಣಿಗೆ ಅಂತ ನನ್ನ ವಾದ. ಏನಂತೀರಿ?

ನೈಟ್_ಶಿಫ್ಟ್:
ಕ್ರಿಸ್ಟೀನಾ ವಿಷಯ ಒಪ್ಪಿದೆ. ಡೆರೆಕ್ ವಿಷಯದಲ್ಲಿ ಜಗಳ ಇದೆ. ನಾನು ತುರ್ತು ವಿಭಾಗದಲ್ಲಿ ನರ್ಸ್. ಆಸ್ಪತ್ರೆ ಸೀರಿಯಲ್‌ಗಳಲ್ಲಿ ಮಾನಿಟರ್ ಗೆರೆ ನೆಟ್ಟಗಾದ ಕೂಡಲೇ ಶಾಕ್ ಕೊಡೋದು ನೋಡಿ ನೋಡಿ ಸುಸ್ತಾಗಿದ್ದೀನಿ (ಆ ಸ್ಥಿತಿಗೆ ಶಾಕ್ ಇಲ್ಲ ರೀ, ಎದೆ ಒತ್ತೋದು, ಅಡ್ರಿನಲಿನ್, ಅಷ್ಟೇ). ಆದ್ರೆ ಈ ಎಪಿಸೋಡ್ ಬೇರೆ.

ಲಾರಿ ಬಿಡಿ, ಅವನು ಸತ್ತಿದ್ದು ಲಾರಿಯಿಂದಲ್ಲ. ಪೆನ್ನಿ ಅನ್ನೋ ಕಿರಿಯ ಡಾಕ್ಟರ್ ತಲೆಗೆ ಸಿಟಿ ಸ್ಕ್ಯಾನ್ ಮಾಡಿಸೋಣ ಅಂತಾಳೆ, ಹಿರಿಯವನು ಅವಳ ಬಾಯಿ ಮುಚ್ಚಿಸಿ ನೇರ ಆಪರೇಷನ್‌ಗೆ ಒಯ್ಯುತ್ತಾನೆ. ಕರೆಸಿದ ನ್ಯೂರೋಸರ್ಜನ್ (ಮೆದುಳಿನ ಸರ್ಜನ್) ಬರೋದು ತಡ. ಇಷ್ಟಕ್ಕೂ ಮಲಗಿರೋನು ಸ್ವತಃ ನ್ಯೂರೋಸರ್ಜನ್! ಏನು ತಪ್ಪಾಗ್ತಿದೆ ಅಂತ ಒಳಗೊಳಗೇ ಹೇಳ್ತಾನೆ, ಬಾಯಿ ಮಾತ್ರ ಬರಲ್ಲ. ಹೊಟ್ಟೆಯ ರಕ್ತ ಕಣ್ಣಿಗೆ ಕಾಣುತ್ತೆ, ತಲೆಯೊಳಗಿಂದು ಕಾಣಲ್ಲ. ಕಿರಿಯರು ಸರಿ ಹೇಳಿ ಬೈಸಿಕೊಂಡಿದ್ದನ್ನ ನಾನೂ ಎದುರಿಗೆ ನಿಂತು ನೋಡಿದ್ದೀನಿ. ಆ ರೋಗಿ ಉಳಿದರು, ಪುಣ್ಯ. ಹಾಗಾಗಿ ನನಗೆ ಅದು ಅವಸರದ ಸಾವು ಅನ್ನಿಸಲೇ ಇಲ್ಲ.

ಕರೇವ್_ಕಡೆಯವ:
ಬದುಕಿಸಿ ಕಳಿಸೋದು ಒಳ್ಳೇದಾ? ಡಾಕ್ಟರ್ ಅಲೆಕ್ಸ್ ಕರೇವ್‌ನ ಮರೆತ್ರಾ? 16ನೇ ಸೀಸನ್ನಲ್ಲಿ, 2020ರಲ್ಲಿ, ಮನುಷ್ಯ ತೆರೆ ಮೇಲೆ ಬರಲೇ ಇಲ್ಲ, ಬಂದಿದ್ದು ಕಾಗದಗಳು. ಮಾಜಿ ಹೆಂಡತಿ ಇಜ್ಜಿ ಹತ್ರ ಅವನ ಅವಳಿ ಮಕ್ಕಳಿದ್ದಾರಂತೆ, ಕಾನ್ಸಾಸ್‌ನಲ್ಲಿ ಹೊಲ ಅಂತೆ, ಈಗಿನ ಹೆಂಡತಿ ಜೋಗೆ ಡಿವೋರ್ಸ್ ಪೇಪರ್. ಬಿಟ್ಟುಹೋಗೋ ಅಪ್ಪನಿಂದಾನೇ ಹಾಳಾದ ಹುಡುಗ, ಹದಿನೈದು ವರ್ಷ ಕಷ್ಟಪಟ್ಟು ಮನುಷ್ಯ ಆದ. ಅಂಥವನು ಹೆಂಡತಿಗೆ ಒಂದು ಕಾಗದ ಬರೆದು ಓಡಿಹೋಗ್ತಾನಾ? ಇದಕ್ಕಿಂತ ಒಂದು ಲಾರಿ ಕಳಿಸಿದ್ರೆ ಮರ್ಯಾದೆ ಉಳೀತಿತ್ತು.

ಸುಮ್ನೆ_ಓದುಗ:
ಡಾಕ್ಟರ್ ಜಾರ್ಜ್ ಸಾವು. ಮುಖ ಗುರುತು ಸಿಗಲ್ಲ, ಮೆರೆಡಿತ್ ಅಂಗೈ ಮೇಲೆ ಬೆರಳಲ್ಲಿ ತನ್ನ ಅಡ್ಡಹೆಸರು 007 ಬರೀತಾನೆ. ಇಷ್ಟು ಸಾಕು, ಹೆಚ್ಚು ಬರೆಯೋಕಾಗಲ್ಲ.

ಎರಡನೇ_ಸುತ್ತು:
@ಕರೇವ್_ಕಡೆಯವ, ಅಲೆಕ್ಸ್ ವಿಷಯದಲ್ಲಿ ನನ್ನ ವಾದ ಮಕಾಡೆ ಬಿತ್ತು, ಒಪ್ಕೋತೀನಿ. ಬದುಕಿಸಿದ್ರೋ ಸಾಯಿಸಿದ್ರೋ ಅನ್ನೋದಲ್ಲ, ಆ ಪಾತ್ರ ಹಾಗೆ ಮಾಡ್ತಿತ್ತಾ ಅನ್ನೋದು ನೋಡಬೇಕಿತ್ತು.

@ನೈಟ್_ಶಿಫ್ಟ್, ಫೋನ್ ವಿಷಯಕ್ಕೆ ಇನ್ನೂ ಸಿಟ್ಟಿದೆ, ಅದು ಹೋಗಲ್ಲ. ಆದ್ರೆ ಪೆನ್ನಿಯನ್ನ ನಾನು ಸರಿಯಾಗಿ ನೋಡಿರಲೇ ಇಲ್ಲ ಅನ್ಸುತ್ತೆ. 12ನೇ ಸೀಸನ್ನಲ್ಲಿ ಅವಳು ಡಾಕ್ಟರ್ ಕ್ಯಾಲಿಯ ಪ್ರೇಯಸಿಯಾಗಿ ಅವಳ ಜೊತೆ ಮೆರೆಡಿತ್ ಮನೆಗೇ ಊಟಕ್ಕೆ ಬರ್ತಾಳಲ್ಲ, ಮೊದಲ ಸಲ ಟಿವಿ ಮುಂದೆ ಕೂತು ಅವಳಿಗೆ ಬೈದಿದ್ದೆ. ಸಿಟಿ ಕೇಳಿದ್ದು ಅವಳೊಬ್ಬಳೇ ಅನ್ನೋದು ಆಗ ತಲೆಗೇ ಹೋಗಿರಲಿಲ್ಲ. ಅದು 5ನೇ ಎಪಿಸೋಡ್. ಈ ವಾರ ಅಲ್ಲಿಗೆ ತಲುಪ್ತೀನಿ, ನೋಡಿ ಬಂದು ಇಲ್ಲೇ ಬರೀತೀನಿ.