ಆ ಕ್ಯಾಸೆಟ್ಟನ್ನು ಸೆಟ್ಟಿಗೆ ಹಾಕಬೇಡ ಮಗಳೇ

ಹಲೋ, ಮಗಳೇ, ಕೇಳ್ತದಾ? ನಿನ್ನ ಮೆಸೇಜು ಈಗ ನೋಡಿದೆ, ಟೈಪು ಮಾಡ್ಲಿಕ್ಕೆ ನನಗೆ ಆಗುವುದಿಲ್ಲ, ಹಾಗಾಗಿ ಹೇಳಿಯೇ ಬಿಡ್ತೇನೆ. ಪೆರ್ಲದ ಮನೆಯ ಅಟ್ಟದಲ್ಲಿ ತಗಡಿನ ಡಬ್ಬಿಯೊಳಗೆ ಅಜ್ಜನ ತಾಳಮದ್ದಳೆಯ, ವೇಷ ಇಲ್ಲದೆ ಕೂತು ಹೇಳುವ ಯಕ್ಷಗಾನದ, ಕ್ಯಾಸೆಟ್ಟು 14 ಸಿಕ್ಕಿತು, ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಬಿಳಿ ಎಂತದೋ ಹಿಡಿದಿದೆ, ಹಾಳಾಗಿ ಹೋಯಿತಾ ದೊಡ್ಡಪ್ಪಾ, ಅತ್ತೆಯ ಟೂ-ಇನ್-ವನ್ನಿಗೆ ಒಮ್ಮೆ ಹಾಕಿ ನೋಡಲಾ ಅಂತ ಕೇಳಿದ್ದಿ. ಹಾಕಬೇಡ. ಮೊದಲು ಅದನ್ನು ಕೇಳು, ಹಾಕಬೇಡ. ಅದು ಬೂಸಲು. ಬೂಸಲು ಬಂದದ್ದು ಅಂದ ಮಾತ್ರಕ್ಕೆ ಒಳಗಿನ ಸ್ವರ ಹೋಗಿಲ್ಲ, ಸ್ವರ ಇನ್ನೂ ಅಲ್ಲಿಯೇ ಉಂಟು. ಅದು ಹೋಗುವುದು ನಾವು ಅವಸರದಲ್ಲಿ ಪ್ಲೇ ಒತ್ತಿದಾಗ.

ವಾಲಿಯ ಕ್ಯಾಸೆಟ್ಟಿನ ಕತೆ ನಿಮಗೆಲ್ಲ ಗೊತ್ತುಂಟಲ್ಲ. ಅಜ್ಜ ನಮ್ಮ ಜಗಲಿಯಲ್ಲಿ ಕೂತು ವಾಲಿಯ ಅರ್ಥ, ಅಂದರೆ ವಾಲಿಯ ಪಾತ್ರದ ಮಾತು, ಹೇಳಿದ್ದು, ನಾನೇ ರೆಕಾರ್ಡು ಒತ್ತಿದ್ದು. 2007ರ ಆಟಿ ತಿಂಗಳ ಮಳೆಯಲ್ಲಿ ಅದಕ್ಕೂ ಹೀಗೆಯೇ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಊದಿದೆ, ಬೈರಾಸಿನಲ್ಲಿ ಒರೆಸಿದೆ, ಹಾಕಿದೆ. ಐದು ನಿಮಿಷ ಸರಿಯಾಗಿ ಓಡಿತು. ಮತ್ತೆ ಸ್ವರ ಎಳೆಯಲಿಕ್ಕೆ ಶುರುವಾಯಿತು, ಒಮ್ಮೆ ಕೀ ಅಂತ ಕೂಗಿತು, ನಿಂತಿತು. ಬಾಗಿಲು ತೆಗೆದು ನೋಡಿದರೆ ಟೇಪು ಪೂರ್ತಿ ರಬ್ಬರ್ ರೋಲರಿಗೆ ಸುತ್ತಿಕೊಂಡಿದೆ. ನಾನು ಕ್ಯಾಸೆಟ್ಟನ್ನು ಹಿಡಿದು ಎಳೆದೆ. ಎಳೆದದ್ದು ಎರಡನೆಯ ತಪ್ಪು.

ಹಾಗೆ ಯಾಕೆ ಆಗ್ತದೆ ಅಂದರೆ, ಬೂಸಲು ಬೆಳೆದಲ್ಲಿ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ, ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪಿನೊಳಗೆ ಚಕ್ರ ಬಿಗಿಯಾಗಿ ತಿರುಗ್ತದೆ. ಟೇಪನ್ನು ಮುಂದೆ ಎಳೆಯುವುದು ರಬ್ಬರ್ ರೋಲರ್ ಮತ್ತೆ ಅದಕ್ಕೆ ಒತ್ತಿಕೊಂಡಿರುವ ಸಪೂರ ಕಬ್ಬಿಣದ ಕಡ್ಡಿ, ಅವುಗಳಿಗೆ ಬಲ ಉಂಟು. ಬಂದ ಟೇಪನ್ನು ಆಚೆ ಬದಿಗೆ ಸುತ್ತಿಕೊಳ್ಳುವ ಚಕ್ರಕ್ಕೆ ಅಷ್ಟು ಬಲ ಇಲ್ಲ. ಈಚೆಯಿಂದ ಟೇಪು ಬರ್ತಾ ಉಂಟು, ಆಚೆ ಸುತ್ತುವವರಿಲ್ಲ. ಎಲ್ಲಿಗೆ ಹೋಗಬೇಕು ಅದು? ರೋಲರಿಗೇ ಸುತ್ತಿಕೊಳ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಬಿಡಿಸಿ ತೆಗೆದಾಗ ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆ ಮಡಿಕೆ ಆಗಿತ್ತು. ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಹಾಳಾದದ್ದು ಎರಡು ಮೀಟರಿನಷ್ಟು. ಲೆಕ್ಕ ಹಾಕಿ ನೋಡು, ಅಜ್ಜನ ಮಾತು 40 ಸೆಕೆಂಡಿನಷ್ಟು ಹೋಯಿತು. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದನ್ನು ವಾಲಿ ಕೇಳುವ ಜಾಗವೇ ಅದು. ಈಗಲೂ ಅಲ್ಲಿ ನೀರಿನೊಳಗಿಂದ ಮಾತಾಡಿದ ಹಾಗೆ ಕೇಳ್ತದೆ.

ಅಷ್ಟಕ್ಕೆ ಮುಗಿಯಲಿಲ್ಲ. ಸೆಟ್ಟೇ ಹಾಳಾಯಿತಾ ಅಂತ ನೋಡ್ಲಿಕ್ಕೆ ಬೇರೆ ಎರಡು ಒಳ್ಳೆಯ ಕ್ಯಾಸೆಟ್ಟು ಹಾಕಿದೆ. ಎರಡರಲ್ಲೂ ಸ್ವರ ಮಂದ, ಚಕ್ರತಾಳ ಕೇಳುವುದೇ ಇಲ್ಲ. ಇವೂ ಹೋದವು ಅಂತ ಗ್ರಹಿಸಿದೆ. ಹೋದದ್ದು ಅವಲ್ಲ, ಟೇಪಿನಿಂದ ಸ್ವರ ಓದುವ ಹೆಡ್ಡಿನ ಮುಖಕ್ಕೆ ಬೂಸಲಿನ ಕೊಳೆ ಮೆತ್ತಿಕೊಂಡು ಟೇಪು ಹೆಡ್ಡಿಗೆ ಸರಿಯಾಗಿ ತಾಗುತ್ತಿರಲಿಲ್ಲ. ಕೂದಲೆಳೆಗಿಂತ ಕಮ್ಮಿ ದೂರವಾದರೂ ಸಾಕು, ಮೊದಲು ಹೋಗುವುದು ಮೇಲಿನ ಸ್ವರ, ತಾಳದ ಸದ್ದು. ಅದೇ ಕೊಳೆ ಆ ಎರಡು ಕ್ಯಾಸೆಟ್ಟಿಗೂ ದಾಟಿ, ಮುಂದಿನ ಮಳೆಗಾಲಕ್ಕೆ ಅವಕ್ಕೂ ಬೂಸಲು. ಹಾಗಾಗಿ ಪುನಃ ಹೇಳ್ತೇನೆ, ಬಿಳಿ ಕಂಡ ಕ್ಯಾಸೆಟ್ಟನ್ನು ಯಾವ ಸೆಟ್ಟಿಗೂ ಹಾಕಬೇಡ. ಒಮ್ಮೆ ನೋಡಿ ತೆಗೀತೇನೆ ಅಂತಲೂ ಹಾಕಬೇಡ. ಫಾರ್ವರ್ಡು, ರಿವೈಂಡು ಸಹ ಒತ್ತಬೇಡ.

ಬದಿಯಡ್ಕದ ಭಾವ ಅಡಿಕೆ ಡ್ರೈಯರಿನಲ್ಲಿ ಒಂದು ಗಂಟೆ ಇಟ್ಟರೆ ಒಣಗ್ತದೆ ಅಂತ ಗ್ರೂಪಿನಲ್ಲಿ ಬರೆದಿದ್ದಾರೆ. ಭಾವಾ, ನೀವು ಒಳ್ಳೆಯದಕ್ಕೇ ಹೇಳಿದ್ದು, ಆದರೆ ಬೇಡ. ಆ ಬಿಸಿಗೆ ಚಿಪ್ಪು ಸೊಟ್ಟ ಆಗ್ತದೆ, ಟೇಪು ಎಳೆದುಕೊಳ್ತದೆ. ಬಿಸಿಲೂ ಬೇಡ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವುದೂ ಬೇಡ, ಅಕ್ಕಿಯ ಹುಡಿ ಒಳಗೆ ಹೋದರೆ ಬೂಸಲಿಗೆ ಅದೇ ಊಟ.

ಇದೆಲ್ಲ 2009ರಲ್ಲೇ ಸರಿಯಾಗಬೇಕಿತ್ತು, ಅದು ನನಗೆ ಇವತ್ತಿಗೂ ಹೊಟ್ಟೆಯೊಳಗೆ ಉಂಟು. ಆಗ ಎಲ್ಲರೂ ಸೇರಿ 6 ಕ್ಯಾಸೆಟ್ಟನ್ನು ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟೆವು, ಸಿಡಿ ಮಾಡಿಸ್ಲಿಕ್ಕೆ. ಹೆಸರು ಬೇಡ. ಸಿಡಿ ಬಂದಾಗ ಎಲ್ಲರಿಗೂ ಖುಷಿಯೋ ಖುಷಿ, ಈಗ ಕ್ಲಿಯರ್ ಆಯಿತು, ಸರ್ ಅಂತ ಬರುವ ಸದ್ದು ಹೋಯಿತು ಅಂತ. ಯಾಕೆ ಹೋಯಿತು ಗೊತ್ತುಂಟಾ? ನಾಯ್ಸ್ ತೆಗೆಯುವ ಸಾಫ್ಟ್‌ವೇರು ಒಂದೇ ಸಮ ಬರುವ ಸದ್ದನ್ನು ಗಲೀಜು ಅಂತ ಲೆಕ್ಕ ಹಾಕ್ತದೆ. ನಮ್ಮ ಶ್ರುತಿ ಒಂದೇ ಸಮ ಬರುವುದಲ್ಲವಾ? ಶ್ರುತಿಯನ್ನು ತಿಂದು ಹಾಕಿತು. ಶ್ರುತಿ ಇಲ್ಲದೆ ಭಾಗವತರ ಪದ್ಯ ಒಂಟಿಯಾಗಿ ನಿಂತ ಹಾಗೆ ಆಯಿತು. ಮದ್ದಳೆಯ ನಾದ ಹೋಗಿ ಬರೇ ಟಕ್ ಟಕ್ ಉಳಿಯಿತು. ನಾನು ಹೇಳಿದೆ, ಯಾರೂ ಕೇಳಲಿಲ್ಲ. ಸಿಡಿಗೆ ಹಾಕಿದ್ದು 64 ಕೆಬಿಪಿಎಸ್ಸಿನ ಎಂಪಿ3, ಅಂದರೆ ತುಂಬಾ ಹಿಂಡಿ ಸಣ್ಣ ಮಾಡಿದ ಫೈಲು, ಅದರಿಂದ ಹಿಂದೆ ಬರುವ ದಾರಿ ಇಲ್ಲ. ಕೊಟ್ಟ ಮೂಲ ಕ್ಯಾಸೆಟ್ಟಿನಲ್ಲಿ ಎರಡು ವಾಪಸು ಬರಲೇ ಇಲ್ಲ. ಈಗ ಆ ಸಿಡಿಗಳೂ ಓದುವುದಿಲ್ಲ.

ಅಂಗಡಿಯಲ್ಲಿ ಮಾರುತ್ತಿದ್ದ ಕ್ಯಾಸೆಟ್ಟು ಹೋದರೆ ಚಿಂತೆ ಇಲ್ಲ, ದೊಡ್ಡ ಅರ್ಥಧಾರಿ ಶೇಣಿಯವರ ಅರ್ಥ ಬೇಕಾದರೆ ಯೂಟ್ಯೂಬಿನಲ್ಲಿ ಉಂಟು. ಜಗಲಿಯಲ್ಲಿ ಆದದ್ದು ಜಗತ್ತಿನಲ್ಲಿ ಒಂದೇ ಪ್ರತಿ. ಎಡನೀರು ಮಠದ ಸ್ವಾಮಿಗಳು ಅಂದರೆ ಊರ ಹೊರಗಿನ ವಕೀಲರಿಗೆ 1973ರ ಕೇಶವಾನಂದ ಭಾರತಿ ಕೇಸು, ಸಂವಿಧಾನದ ಮೂಲ ರಚನೆಯದ್ದು. ಇಲ್ಲಿಯವರಿಗೆ ಅವರು ಭಾಗವತಿಕೆ ಮಾಡುತ್ತಿದ್ದ, ಯಕ್ಷಗಾನದ ಪದ್ಯ ಹಾಡುತ್ತಿದ್ದ ಸ್ವಾಮಿಗಳು. 2020ರಲ್ಲಿ ಹೋದರು. ಅವರ ಸ್ವರ ಎಷ್ಟು ಮನೆಯ ಅಟ್ಟದಲ್ಲಿ ಬೂಸಲು ಹಿಡಿದು ಕೂತಿದೆಯೋ. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ಊರಿನವರು ನಾವು, ನಾವೇ ಹೀಗೆ ಮಾಡಿದರೆ ಹೇಗೆ?

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರ ಹೇಳಲೇ ಇಲ್ಲ. ಎಂತ ಮಾಡಬೇಕು ಅಂತ ಹೇಳ್ತೇನೆ, ಬರೆದುಕೋ.

ಮೊದಲು ಬಿಳಿ ಇದ್ದದ್ದು, ಇಲ್ಲದ್ದು ಬೇರೆ ಬೇರೆ ಮಾಡು. ಎಲ್ಲದಕ್ಕೂ ನಂಬ್ರ ಹಾಕಿ ಲೇಬಲಿನ ಫೋಟೊ ತೆಗೆ, ಅಜ್ಜನ ಅಕ್ಷರ ಅಳಿಸಿ ಹೋಗುವ ಮೊದಲು. ಕಾಸರಗೋಡಿನಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ತರಿಸು, ಬಣ್ಣ ಬದಲುವಂಥದ್ದು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಬಟ್ಟೆಯ ಚೀಲದಲ್ಲಿ ಅದನ್ನು ಹಾಕಿ, ಕ್ಯಾಸೆಟ್ಟುಗಳನ್ನು ಕವರಿನಿಂದ ಹೊರಗೆ ತೆಗೆದು ಮೇಲೆ ನಿಲ್ಲಿಸು. ಹತ್ತು ದಿನ ಬಾಗಿಲು ತೆಗೆಯಬೇಡ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ನೂರಕ್ಕೆ 80ರ ಮೇಲೆಯೇ ಇರುವುದು, ಬೂಸಲು ಬೆಳೀಲಿಕ್ಕೆ 70 ಸಾಕು. ನೀಲಿ ಹರಳು ಗುಲಾಬಿ ಆದರೆ ಅದು ನೀರು ಕುಡಿದು ಸಾಕಾಗಿದೆ ಅಂತ ಅರ್ಥ, ಹುರಿದು ಪುನಃ ಉಪಯೋಗಿಸಬಹುದು. ಆದರೆ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡ, ನೀಲಿಯಲ್ಲಿರುವುದು ಕೋಬಾಲ್ಟ್, ವಿಷ.

ಒಣಗಿದ ಬೂಸಲು ಪುಡಿಯಾಗ್ತದೆ, ಹಸಿ ಇರುವಾಗ ಮುಟ್ಟಿದರೆ ಮೆತ್ತಿಕೊಳ್ತದೆ, ಅದಕ್ಕೇ ಒಣಗಿಸುವುದು. ಹತ್ತು ದಿನದ ಮೇಲೆ ಜಗಲಿಯಲ್ಲಿ ಕೂತು, ಮಾಸ್ಕ್ ಹಾಕಿಕೊಂಡು, ಚಿಪ್ಪು ಬಿಚ್ಚು. ಒಳಗೆ ಅಮ್ಮನಿಗೆ ದಮ್ಮು ಉಂಟು, ಮನೆಯೊಳಗೆ ಮಾತ್ರ ಬೇಡ. ಐದು ಸ್ಕ್ರೂ ಇರ್ತದೆ, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮೇಜಿನ ಮೇಲೆ ಅಡ್ಡ ಇಟ್ಟು ಮೇಲಿನ ಅರ್ಧವನ್ನು ಮಾತ್ರ ನೇರ ಎತ್ತು, ಕೈಯಲ್ಲಿ ಹಿಡಿದು ಬಿಚ್ಚಿದರೆ ಮೂಲೆಯ ಎರಡು ಸಣ್ಣ ರೋಲರ್, ಅದರ ಸೂಜಿಯಂಥ ಪಿನ್ನು, ಸ್ಪಂಜಿನ ಪಟ್ಟಿ ಎಲ್ಲ ಹಾರಿ ಹೋಗ್ತದೆ. ಎತ್ತಿದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆ, ಟೇಪು ಯಾವುದರ ಹಿಂದೆ ಯಾವುದರ ಮುಂದೆ ಹೋಗಿದೆ ಅಂತ. ಸ್ಕ್ರೂ ಇಲ್ಲದ ಅಂಟಿಸಿದ ಚಿಪ್ಪಾದರೆ ಟೇಪು ಕಾಣುವ ಬದಿಯನ್ನು ಬಿಟ್ಟು ಮೇಲಿನ ಮೂಲೆಯಿಂದ ಬ್ಲೇಡು ತೂರಿಸಿ ಜೋಡಣೆ ಬಿಡಿಸು.

ಟೇಪಿನ ಎರಡು ಸುರುಳಿಯ ಅಂಚನ್ನು ಮೆತ್ತಗಿನ ಚಿತ್ರ ಬಿಡಿಸುವ ಬ್ರಶ್ಶಿನಲ್ಲಿ ನಡುವಿನಿಂದ ಹೊರಗೆ ಗುಡಿಸು, ಎರಡು ಬದಿ. ನೀರು ಬೇಡ, ಡೆಟ್ಟಾಲು ಬೇಡ. ಮತ್ತೆ ಸುರುಳಿಯನ್ನು ಹಾಗೆಯೇ ಎತ್ತಿ ಬೇರೆ ಒಳ್ಳೆಯ ಚಿಪ್ಪಿಗೆ ಹಾಕು. ಸ್ಕ್ರೂ ಇರುವ ಯಾವುದಾದರೂ ಬೇಡದ ಕ್ಯಾಸೆಟ್ಟಿನ ಚಿಪ್ಪು ಆದೀತು, ಸ್ಪಂಜು ಬಿದ್ದು ಹೋಗಿರಬಾರದು, ಅಷ್ಟೇ. ಆರು ಮೂಲೆಯ ಪೆನ್ನು ತೂರಿಸಿ ಕೈಯಲ್ಲೇ ಆಚೆ ತುದಿಯವರೆಗೆ ನಿಧಾನ ಸುತ್ತು, ಎಲ್ಲಿ ಅಂಟಿದೆಯೋ ಅಲ್ಲಿ ಕೈಗೆ ಗೊತ್ತಾಗ್ತದೆ. ಸಿಕ್ಕಿದಲ್ಲಿ ಎಳೆಯಬೇಡ, ಸ್ವಲ್ಪ ಹಿಂದೆ ಸುತ್ತಿ ಪುನಃ ಮುಂದೆ. ಅಲ್ಲಿ ಇಲ್ಲಿ ತುಂಡಾದರೆ ಸೆಲ್ಲೋ ಟೇಪು ಹಾಕಬೇಡ, ಅದರ ಗೋಂದು ಕರಗಿ ಪಕ್ಕದ ಸುತ್ತಿಗೆ ಹಿಡೀತದೆ. ಸ್ಪ್ಲೈಸಿಂಗ್ ಟೇಪು ಅಂತಲೇ ಸಿಗ್ತದೆ, ಹೆಡ್ಡಿಗೆ ತಾಗದ ಬದಿಗೆ ಅಂಟಿಸಬೇಕು.

ಸೆಟ್ಟಿನ ಹೆಡ್ಡು ಮತ್ತೆ ಕಡ್ಡಿಯನ್ನು 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಲ್ಲಿ ಒರೆಸು, ರಬ್ಬರಿಗೆ ಸಾಬೂನಿನ ನೀರು ಹಿಂಡಿದ ಬಟ್ಟೆ ಸಾಕು. ಒಂದೊಂದು ಬದಿ ಮುಗಿದ ಮೇಲೆಯೂ ಒರೆಸು, ಹತ್ತಿ ಕಂದು ಆಗ್ತದೆ, ಬಿಳಿಯಾಗಿಯೇ ಉಳಿಯುವವರೆಗೆ.

ಮೊದಲ ಸಲ ಓಡಿಸುವಾಗಲೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡು ಆಗಬೇಕು, ಎರಡನೆಯ ಸಲ ಓಡ್ತದೆ ಅಂತ ನಂಬಿಕೆ ಇಟ್ಟುಕೊಳ್ಳಬೇಡ. ಲ್ಯಾಪ್‌ಟಾಪಿನ ಒಂದೇ ತೂತಿಗೆ ವಯರು ಚುಚ್ಚಬೇಡ, ಅದು ಮೈಕಿನದ್ದು, ಸ್ವರ ಒಡೀತದೆ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡು ತರಿಸು, ಸೆಟ್ಟಿನ ಹೆಡ್‌ಫೋನ್ ತೂತಿನಿಂದ ಅದಕ್ಕೆ ವಯರು, ಆಡಾಸಿಟಿ ಅಂತ ರೆಕಾರ್ಡು ಮಾಡುವ ಸಾಫ್ಟ್‌ವೇರಿನಲ್ಲಿ 44,100 ಹರ್ಟ್ಸ್, 16 ಬಿಟ್, ಹಿಂಡದ ವೇವ್ ಫೈಲು. ಲೆವೆಲ್ ಇಡುವುದು ಅರ್ಥ ಹೇಳುವಾಗ ನೋಡಿ ಅಲ್ಲ, ಚೆಂಡೆ ಬರುವ ಪದ್ಯ ನೋಡಿ, ಅಲ್ಲಿ ಮೀಟರು ಮೈನಸ್ 6 ಡಿಬಿಗೆ ನಿಲ್ಲಬೇಕು. ಚೆಂಡೆ ಎಲ್ಲಿ ಬರ್ತದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಇನ್ನೂ ಸ್ವಲ್ಪ ಕಮ್ಮಿ ಇಡು, ಕಮ್ಮಿಯಾದದ್ದನ್ನು ಮತ್ತೆ ಏರಿಸಬಹುದು, ಒಡೆದದ್ದು ಒಡೆದದ್ದೇ. ಸ್ವರ ಮಂದ ಕೇಳಿದರೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಮ್ಮಿ, ಈಚೆ ಆಚೆ ತಿರುಗಿಸು. ರೆಕಾರ್ಡು ಮಾಡಿದ ಸೆಟ್ಟಿನ ಹೆಡ್ಡು ಸ್ವಲ್ಪ ಓರೆ ಇದ್ದರೆ ಈ ಸೆಟ್ಟಿನದ್ದೂ ಅಷ್ಟೇ ಓರೆ ಆಗಬೇಕು. ಚಕ್ರತಾಳ ಟಿಣ್ ಅಂತ ಎದ್ದು ಬರುವ ಜಾಗದಲ್ಲಿ ನಿಲ್ಲಿಸು. ಇದಕ್ಕೆ ಮಾತ್ರ ಊರಿನ ಭಕ್ತಿಗೀತೆಯ ಯಾವುದಾದರೂ ಕ್ಯಾಸೆಟ್ಟಿನಲ್ಲಿ ಕೈ ಪಳಗಿಸಿ ಮತ್ತೆ ಬಾ.

ಒಂದು ನಿಮಿಷಕ್ಕೆ ಸುಮಾರು 10 ಎಂಬಿ, 90 ನಿಮಿಷದ್ದು 950 ಎಂಬಿ ಹತ್ತಿರ, 14ಕ್ಕೂ 13 ಜಿಬಿಯ ಮೇಲೆ. ಗೂಗಲಿನ ಪುಕ್ಕಟೆ 15 ಜಿಬಿಯಲ್ಲಿ ನಿನ್ನ ಫೋಟೊ, ಮೇಲು ಎಲ್ಲ ಕೂತಿರ್ತದೆ, ಅಲ್ಲಿ ಹಿಡಿಯುವುದಿಲ್ಲ, ಹಾರ್ಡ್ ಡಿಸ್ಕಿಗೆ ಹಾಕಿ ಒಂದು ನಿನ್ನ ಹತ್ತಿರ, ಒಂದು ಇಲ್ಲಿ. ನಾಯ್ಸ್ ತೆಗೆಯುವುದಿದ್ದರೆ ಬೇರೆ ಪ್ರತಿಯಲ್ಲಿ ತೆಗೆ, ಮೂಲವನ್ನು ಮುಟ್ಟಬೇಡ. ಗ್ರೂಪಿಗೆ ಹಾಕುವಾಗ ವಾಯ್ಸ್ ಮೆಸೇಜು ಮಾಡಬೇಡ, ಡಾಕ್ಯುಮೆಂಟ್ ಅಂತ ಕಳಿಸು, ಆಗ ವಾಟ್ಸಾಪು ಅದನ್ನು ಹಿಂಡುವುದಿಲ್ಲ.

ಒಂದು ಮರೆತೆ. ಇದು ಇವತ್ತೇ ಆಗಬೇಕು, ಸಿಲಿಕಾ ಜೆಲ್ ಬರುವ ಮೊದಲು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಮೂಲೆಗೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರ್ತದೆ, ನೋಡು. ಅದು ಇದ್ದರೆ ಯಾರ ಬೆರಳಾದರೂ ತಪ್ಪಿ ರೆಕಾರ್ಡಿಗೆ ಬಿದ್ದರೆ ಅಳಿಸಿ ಹೋಗ್ತದೆ. 14ರದ್ದೂ ಎರಡೆರಡು, ಸಣ್ಣ ಸ್ಕ್ರೂಡ್ರೈವರಿನಲ್ಲಿ ಹೊರಗಿನಿಂದ ಮುರಿದು ತೆಗೆ. ಹೊಸ ಚಿಪ್ಪಿಗೆ ಹಾಕಿದ ಮೇಲೆ ಅದರದ್ದೂ ನೋಡಬೇಕು, ಮರೆಯಬೇಡ. ಮುರಿದು ಆದ ಮೇಲೆ ಒಂದು ಫೋಟೊ ಹಾಕು ಇಲ್ಲಿ, ನಾನು ಎದ್ದಿರ್ತೇನೆ.